ಮರಳಿ ಬಾರದ ವಿಮಾನದ ಮರದ ಪ್ರತಿರೂಪ: ಅಜ್ಜಮಾಡ ದೇವಯ್ಯನವರ ನೆನಪು ಮತ್ತು ಒಂದು ಪ್ರಾಚೀನ ಸಂಪ್ರದಾಯ



ನೂರು ವರ್ಷಗಳ ಹಬ್ಬವನ್ನು ಆಚರಿಸುವ ಸಮುದಾಯವು ಮೊದಲು ಸ್ಮರಿಸಬೇಕಾದುದು ತನ್ನ ಮೃತರನ್ನು. ಕಲ್ಲು ಹೊತ್ತವರು, ಕಾಡು ಕಡಿದು ಹಾದಿ ಮಾಡಿದವರು, ಮಲೇರಿಯಾ ಜ್ವರಕ್ಕೆ ಮಕ್ಕಳನ್ನು ಒಪ್ಪಿಸಿಯೂ ಜಪಸರವನ್ನು ಕೈಬಿಡದ ತಾಯಂದಿರು, ಇವರೆಲ್ಲರ ಬಗೆಗೆ ಈ ಸ್ಮರಣ ಸಂಚಿಕೆಯಲ್ಲಿ ಬಲ್ಲವರು ಬರೆಯಲಿ. ನಾನು ಬರೆಯಹೊರಟಿರುವುದು ಬೇರೊಂದು ಬಗೆಯ ಮೃತರನ್ನು ಕುರಿತು. ಅವರು ಮನೆಯಿಂದ ಹೊರಟರು, ಆದರೆ ಮರಳಲಿಲ್ಲ. ಅವರಿಗೆ ಊರಿನಲ್ಲಿ ಗೋರಿಯೂ ಇಲ್ಲ. ಯೋಧರ ನಾಡೆಂದು ಹೆಸರಾದ ಕೊಡಗಿನಲ್ಲಿ ಅಂತಹವರ ಮನೆಗಳು ಅನೇಕ. ಆ ಮನೆಗಳಲ್ಲಿ ಹುಟ್ಟಿಕೊಂಡ ಒಂದು ಪ್ರಶ್ನೆಯೇ ಈ ಲೇಖನದ ವಿಷಯ: ದೇಹವೂ ಸಿಗದ ಬಂಧುವನ್ನು ಗೌರವಿಸುವುದು ಹೇಗೆ?

ಗೋದಲಿಯಿಂದ ತೆಗೆದಿಟ್ಟ ವಿಮಾನ

ಮೊದಲು ನನ್ನದೇ ಒಂದು ತಪ್ಪನ್ನು ನಿವೇದಿಸಿಕೊಳ್ಳುತ್ತೇನೆ. ನಾನು ಗುರುದೀಕ್ಷೆ ಪಡೆದ ಹೊಸತರಲ್ಲಿ, ಸಹಾಯಕ ಗುರುವಾಗಿದ್ದ ಒಂದು ಊರಿನಲ್ಲಿ, ಕ್ರಿಸ್ತಜಯಂತಿಯ ಹಿಂದಿನ ದಿನ ಮಕ್ಕಳು ದೇವಾಲಯದ ಗೋದಲಿಯನ್ನು ಸಿಂಗರಿಸುತ್ತಿದ್ದರು. ಪಾಚಿಯ ಗುಡ್ಡ, ಕನ್ನಡಿಯ ಕೆರೆ, ಕುರಿಗಳು, ಕುರುಬರು ಎಲ್ಲವೂ ಇದ್ದವು. ಸಂಜೆ ನಾನು ನೋಡಲು ಹೋದಾಗ, ದೇವದೂತನ ಬಳಿಯಲ್ಲಿ ದಾರದಿಂದ ತೂಗಿಬಿಟ್ಟ ಒಂದು ಮರದ ಯುದ್ಧವಿಮಾನ ಕಂಡಿತು. ಶಾಂತಿಯ ಅರಸನ ತೊಟ್ಟಿಲ ಮೇಲೆ ಯುದ್ಧವಿಮಾನವೇ ಎಂದು ನಾನು ಅದನ್ನು ತೆಗೆದು ವಸ್ತ್ರಾಗಾರದ ಕಪಾಟಿನಲ್ಲಿಟ್ಟೆ. ಮಧ್ಯರಾತ್ರಿಯ ಪೂಜೆಯ ಬಳಿಕ ಒಬ್ಬ ಹುಡುಗ ಬಂದು ನಿಂತ. ಬೈಯಲಿಲ್ಲ, ಅಳಲೂ ಇಲ್ಲ. "ಫಾದರ್, ಅದು ಆಟಿಕೆಯಲ್ಲ. ಯುದ್ಧಕ್ಕೆ ಹೋದ ನಮ್ಮ ಅಜ್ಜನ ತಮ್ಮನದು. ಅಜ್ಜ ಕೆತ್ತಿದ್ದು," ಎಂದ.

ನಾನು ಅದನ್ನು ಮತ್ತೆ ತೂಗಿಹಾಕಿದೆ. ಆದರೆ ಹುಡುಗನ ಮಾತು ನನ್ನನ್ನು ಬಿಡಲಿಲ್ಲ. ಅಲ್ಲಿಂದ ಮುಂದೆ ಬಿಡುವು ದೊರೆತಾಗಲೆಲ್ಲ ಈ ವಿಷಯವನ್ನು ಓದಿದೆ, ಬಲ್ಲವರನ್ನು ಕೇಳಿದೆ. ಆಗ ತಿಳಿದುಬಂದುದು ಇಷ್ಟು: ನಾನು ಅನುಚಿತವೆಂದು ತೆಗೆದಿಟ್ಟದ್ದು ನಮ್ಮ ನಾಡಿಗೂ ನಮ್ಮ ಧರ್ಮಸಭೆಗೂ ಬಹು ಪುರಾತನವಾದ ಒಂದು ಸಂಪ್ರದಾಯವೇ ಆಗಿತ್ತು.

ಪ್ರತಿರೂಪವನ್ನು ಅರ್ಪಿಸುವ ಪದ್ಧತಿ

ಕೊಡಗಿನ ದೇವರಕಾಡುಗಳನ್ನು ಕಂಡವರಿಗೆ ಅಯ್ಯಪ್ಪನಿಗೆ ಅರ್ಪಿಸಿದ ಮಣ್ಣಿನ ನಾಯಿಗಳು ಗೊತ್ತು. ಬೇಟೆಯ ದೇವರಿಗೆ ಬೇಟೆನಾಯಿಯ ಪುಟ್ಟ ಪ್ರತಿರೂಪವನ್ನು ಕುಂಬಾರನ ಕೈಯಿಂದ ಮಾಡಿಸಿ ಒಪ್ಪಿಸುವುದು ಇಲ್ಲಿನ ಹರಕೆ. ಕನ್ನಡ ನಾಡಿನ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳದೂ ಇದೇ ಮನೋಧರ್ಮ. ಕೆಳಗಿನ ಪಟ್ಟಿಕೆಯಲ್ಲಿ ವೀರನು ಹೋರಾಡಿ ಬಿದ್ದ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ದೇವಸನ್ನಿಧಿ. ಇಡೀ ಒಂದು ಯುದ್ಧವನ್ನು ಮೊಳದುದ್ದದ ಕಲ್ಲಿಗೆ ಇಳಿಸಿ ಮಳೆಗಾಳಿಗೆ ಒಪ್ಪಿಸಿದರು ನಮ್ಮ ಶಿಲ್ಪಿಗಳು. ಅದಿಲ್ಲದಿದ್ದರೆ ಎಷ್ಟೋ ವೀರರ ಹೆಸರೇ ಉಳಿಯುತ್ತಿರಲಿಲ್ಲ.

ಕಥೋಲಿಕ ದೇಶಗಳತ್ತ ನೋಡೋಣ. ಫ್ರಾನ್ಸಿನ ಮಾರ್ಸೇಲ್ ಬಂದರಿನ ಬೆಟ್ಟದ ಮೇಲೆ ಕಾವಲು ಮಾತೆಯ ಮಹಾದೇವಾಲಯವಿದೆ. 1864ರಲ್ಲಿ ಪ್ರತಿಷ್ಠಾಪಿತವಾದ ಈ ದೇವಾಲಯದ ಚಾವಣಿಯಿಂದ ಹಡಗುಗಳ ಪುಟ್ಟ ಮಾದರಿಗಳು ತೂಗಾಡುತ್ತವೆ. ಬಿರುಗಾಳಿಯಲ್ಲಿ ಬದುಕುಳಿದ ನಾವಿಕರೂ, ಕಡಲಪಾಲಾದವರ ಮನೆಯವರೂ ಮಾತೆಗೆ ಒಪ್ಪಿಸಿದ ಕಾಣಿಕೆಗಳವು. ಕಾಲ ಬದಲಾದಂತೆ ಆ ಹಡಗುಗಳ ನಡುವೆ ವಿಮಾನಗಳ ಮಾದರಿಗಳೂ ಬಂದು ಸೇರಿದವು. ಡೆನ್ಮಾರ್ಕಿನ ಚರ್ಚುಗಳಲ್ಲಿಯೂ ಇಂತಹ ಹಡಗುಗಳು ಧಾರಾಳವಾಗಿವೆ. ವೈಮಾನಿಕರಿಗೆ ಧರ್ಮಸಭೆಯು ಒಬ್ಬ ಪಾಲಕಿಯನ್ನೂ ಕೊಟ್ಟಿದೆ. ನಜರೇತಿನ ಪವಿತ್ರ ಗೃಹವನ್ನು ದೇವದೂತರು ಆಕಾಶಮಾರ್ಗವಾಗಿ ಇಟಲಿಗೆ ಹೊತ್ತು ತಂದರೆಂಬ ಲೊರೆತೊ ಕ್ಷೇತ್ರದ ಪರಂಪರೆಯನ್ನು ಆಧರಿಸಿ, 1920ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಲೊರೆತೊ ಮಾತೆಯನ್ನು ವೈಮಾನಿಕರ ಪಾಲಕಿಯೆಂದು ಘೋಷಿಸಿದರು. ಆ ಮಾತೆಯ ಹಬ್ಬ ಡಿಸೆಂಬರ್ 10ರಂದು. ಹೀಗಿರುವಾಗ ಗೋದಲಿಯ ಮೇಲೆ ತೂಗಿದ ಆ ಮರದ ವಿಮಾನಕ್ಕೆ ಅಲ್ಲಿರಲು ಹಕ್ಕಿತ್ತು. ಅದನ್ನು ತೆಗೆದ ನನ್ನ ಕೈಗೆ ಚರಿತ್ರೆಯ ಜ್ಞಾನವಿರಲಿಲ್ಲ.

ಕೊಡಗಿನ ಒಬ್ಬ ವೈಮಾನಿಕ

ಮಾಕುಟ್ಟದ ಮಕ್ಕಳಿಗೆ ಇಂದು ವಿಮಾನ ಅಪರೂಪದ ವಸ್ತುವಲ್ಲ. ಘಟ್ಟವಿಳಿದು, ಕೂಟುಪುಳ ಸೇತುವೆ ದಾಟಿ, ಇರಿಟ್ಟಿಯ ಮೂಲಕ ಸಾಗಿದರೆ ಮಟ್ಟನ್ನೂರಿನಲ್ಲಿ 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣವಿದೆ. ಆದರೆ 1932ರಲ್ಲಿ, ವಿಮಾನವೆಂದರೆ ಊರೇ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುತ್ತಿದ್ದ ಕಾಲದಲ್ಲಿ, ಕೊಡಗಿನ ಅಜ್ಜಮಾಡ ಒಕ್ಕದಲ್ಲಿ ಬೋಪಯ್ಯನವರ ಮಗನಾಗಿ ದೇವಯ್ಯ ಜನಿಸಿದರು. ದಿನಾಂಕ ಡಿಸೆಂಬರ್ 24, ನಾವು ಗೋದಲಿ ಕಟ್ಟುವ ದಿನ. ಅವರು ನಮ್ಮ ಧರ್ಮದವರಲ್ಲ. ಆದರೆ ನೆರೆಯವನು ಯಾರೆಂದು ಪ್ರಭು ಯೇಸುವನ್ನು ಕೇಳಿದ ನ್ಯಾಯಶಾಸ್ತ್ರಿಗೆ ದೊರೆತ ಉತ್ತರವನ್ನು ನಾವು ಬಲ್ಲೆವು.

ದೇವಯ್ಯನವರು 1954ರಲ್ಲಿ ಭಾರತೀಯ ವಾಯುಪಡೆಯ ಅಧಿಕಾರಿಯಾದರು. ಎಳೆಯ ವೈಮಾನಿಕರಿಗೆ ಹಾರಾಟ ಕಲಿಸುವ ಶಿಕ್ಷಕರೂ ಆದರು. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ ತೊಡಗಿದಾಗ ಅವರು ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿನಲ್ಲಿದ್ದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಆ ದಳವು ಪಾಕಿಸ್ತಾನದ ಬಹುಮುಖ್ಯ ವಾಯುನೆಲೆಯಾದ ಸರಗೋಧಾದ ಮೇಲೆ ದಾಳಿಗೆ ಹೊರಟಿತು. ನಾಯಕರು ವಿಂಗ್ ಕಮಾಂಡರ್ ಓ. ಪಿ. ತನೇಜಾ. ಹನ್ನೆರಡು ವಿಮಾನಗಳು ಹೋಗಬೇಕೆಂಬುದು ನಿರ್ಣಯ. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲೇ ಇಲ್ಲ. ಅವರು ಮೀಸಲು ವೈಮಾನಿಕರು. ಹೊರಟವರಲ್ಲಿ ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ಹಾಗೆಯೇ ಆಯಿತು, ತೆರವಾದ ಸ್ಥಾನಕ್ಕೆ ಅವರು ಹಾರಿದರು.

ಅವರು ಮರಳಲಿಲ್ಲ. ಜೊತೆಯವರಲ್ಲಿ ಯಾರೂ ಅವರು ಬಿದ್ದುದನ್ನು ಕಾಣಲಿಲ್ಲ. ಕಡತದಲ್ಲಿ 'ಕಾಣೆಯಾದವರು' ಎಂದಾಯಿತು. ಆ ಬಳಿಕ ಮೃತರೆಂದು ಪರಿಗಣಿಸಲಾಯಿತು. ವಯಸ್ಸು ಮೂವತ್ತೆರಡು. ಮನೆಯಲ್ಲಿ ಪತ್ನಿ, ಪುಟ್ಟ ಹೆಣ್ಣುಮಕ್ಕಳು. ಶವವಿಲ್ಲದ ಮನೆಯಲ್ಲಿ ಶೋಕಕ್ಕೆ ಕೂರಲು ಸ್ಥಳವಿರುವುದಿಲ್ಲ. ಬಾಗಿಲು ಸದ್ದಾದರೆ ಎದೆ ನಡುಗುತ್ತದೆ. ಗುರುವಾಗಿ ನಾನು ಅಂತಹ ಮನೆಗಳ ಜಗುಲಿಯಲ್ಲಿ ಕುಳಿತವನು. ಅಲ್ಲಿ ಆಡಬಹುದಾದ ಮಾತು ಬಹಳ ಕಡಿಮೆ.

ಸತ್ಯವು ಬಂದ ದಾರಿ

ಈ ಚರಿತ್ರೆಯ ವಿಶೇಷವಿರುವುದು ಮುಂದಿನ ಭಾಗದಲ್ಲಿ. ಹದಿನಾಲ್ಕು ವರ್ಷಗಳ ತರುವಾಯ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು 1965ರ ವಾಯುಯುದ್ಧವನ್ನು ಕುರಿತು ಪಾಕಿಸ್ತಾನದ ಕಡೆಯ ವಿವರಗಳಿಂದ ಕೂಡಿದ ಪುಸ್ತಕವೊಂದನ್ನು ಪ್ರಕಟಿಸಿದರು. ಅದರಲ್ಲಿ ಸೆಪ್ಟೆಂಬರ್ 7ರ ಬೆಳಗಿನ ಒಂದು ಸೆಣಸಾಟದ ವರ್ಣನೆಯಿತ್ತು. ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್ ಎಂಬ ಅತಿವೇಗದ ವಿಮಾನದಲ್ಲಿ, ದಾಳಿ ಮುಗಿಸಿ ಹಿಂದಿರುಗುತ್ತಿದ್ದ ಒಂದು ಭಾರತೀಯ ಮಿಸ್ಟೇರ್ ವಿಮಾನವನ್ನು ಬೆನ್ನಟ್ಟಿದರು. ಅವರ ಗುಂಡಿಗೆ ಮಿಸ್ಟೇರಿಗೆ ಪೆಟ್ಟುಬಿತ್ತು. ಆದರೂ ಆ ವೈಮಾನಿಕ ಓಡಲಿಲ್ಲ. ತಿರುಗಿ ನಿಂತು ಹೋರಾಡಿ, ತನಗಿಂತ ಬಹುಪಾಲು ವೇಗದ ಆ ವಿಮಾನವನ್ನು ಹೊಡೆದುರುಳಿಸಿದ. ಅಮ್ಜದ್ ಹುಸೇನ್ ಪ್ಯಾರಾಶೂಟಿನಿಂದ ಬದುಕಿಕೊಂಡರು. ಭಾರತೀಯ ವೈಮಾನಿಕ ಉಳಿಯಲಿಲ್ಲ.

ಆ ಭಾರತೀಯ ಯಾರು? ಮರಳಿದವರಲ್ಲಿ ಯಾರೂ ಅಂತಹ ಕಾಳಗವನ್ನು ಹೇಳಿರಲಿಲ್ಲ. ಮರಳದವರು ಒಬ್ಬರೇ. ವಾಯುಪಡೆಯು ವಿಷಯವನ್ನು ಪರಿಶೀಲಿಸಿತು. ಅಂದು ದಳವನ್ನು ನಡೆಸಿದ್ದ ತನೇಜಾ ಅವರೂ ಈ ನ್ಯಾಯಕ್ಕಾಗಿ ಶ್ರಮಿಸಿದರು. ಕೊನೆಗೆ 1988ರಲ್ಲಿ, ಘಟನೆಯಾಗಿ ಇಪ್ಪತ್ತಮೂರು ವರ್ಷಗಳಾದ ಮೇಲೆ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಮುಂದೆ ಪಾಕಿಸ್ತಾನದ ನಿವೃತ್ತ ವಾಯುಪಡೆ ಅಧಿಕಾರಿಯೂ ಚರಿತ್ರಕಾರರೂ ಆದ ಕೈಸರ್ ತುಫೈಲ್ ಅವರ ಬರಹಗಳಿಂದ ಮತ್ತೊಂದು ಸಂಗತಿ ತಿಳಿಯಿತು: ವಿಮಾನ ಬಿದ್ದ ಕಡೆಯ ಹಳ್ಳಿಗರು ದೇವಯ್ಯನವರ ದೇಹವನ್ನು ತಮ್ಮ ಹೊಲದಲ್ಲಿ ಮಣ್ಣುಮಾಡಿದ್ದರು.

ವಾಚಕರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ದೇವಯ್ಯನವರ ಶೌರ್ಯಕ್ಕೆ ಸಾಕ್ಷಿಯಾದವರು ಯಾರು? ಅವರೊಡನೆ ಹೋರಾಡಿದ ಶತ್ರು. ಅವರಿಗೆ ಆರಡಿ ನೆಲ ಕೊಟ್ಟವರು ಯಾರು? ಶತ್ರು ದೇಶದ ರೈತರು. ಮೃತರನ್ನು ಮಣ್ಣುಮಾಡುವುದನ್ನು ನಾವು ದಯಾಕಾರ್ಯಗಳಲ್ಲಿ ಒಂದೆಂದು ಧರ್ಮೋಪದೇಶದ ಪಾಠದಲ್ಲಿ ಕಂಠಪಾಠ ಮಾಡಿಸುತ್ತೇವೆ. ಅದನ್ನು ಕಂಠಪಾಠ ಮಾಡದವರು ಅಲ್ಲಿ ಆಚರಿಸಿದರು.

ಪ್ರಮಾಣದ ಮಾತು

ಈಗ ಮರದ ವಿಮಾನಕ್ಕೆ ಬರೋಣ. ಯಾವುದೇ ಮನೆಯವರು ತಮ್ಮ ಬಂಧುವಿನ ವಿಮಾನದ ಪ್ರತಿರೂಪವನ್ನು ಮಾಡಲು ಕುಳಿತರೆ ಮೊದಲು ಎದುರಾಗುವುದು ಪ್ರಮಾಣದ ಪ್ರಶ್ನೆ. ಜಗತ್ತಿನಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಎಪ್ಪತ್ತೆರಡರಲ್ಲೊಂದು ಪಾಲು. ಇದರ ಲೆಕ್ಕ ಸುಲಭ: ಆರಡಿಯ ಮನುಷ್ಯ ಒಂದು ಅಂಗುಲವಾಗುತ್ತಾನೆ. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಈ ಪ್ರಮಾಣ ರೂಢಿಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ಗಂಭೀರವಾದ ಉಪಯೋಗವೂ ದೊರೆಯಿತು. 1942ರಲ್ಲಿ ಅಮೆರಿಕದ ನೌಕಾಪಡೆಯು ಶಾಲಾ ವಿದ್ಯಾರ್ಥಿಗಳಿಂದ ಈ ಪ್ರಮಾಣದ ಐದು ಲಕ್ಷ ಮರದ ಮಾದರಿಗಳನ್ನು ಕೇಳಿತು. ಹತ್ತು ಮೀಟರ್ ದೂರದಲ್ಲಿ ಹಿಡಿದ ಮಾದರಿಯು 720 ಮೀಟರ್ ದೂರದ ನಿಜ ವಿಮಾನದಷ್ಟೇ ಕಾಣುವುದರಿಂದ, ಸ್ವಪಕ್ಷದ ವಿಮಾನ ಯಾವುದು, ವೈರಿಯದು ಯಾವುದು ಎಂದು ಗುರುತಿಸಲು ಸೈನಿಕರಿಗೆ ಅವುಗಳಿಂದ ಕಲಿಸುತ್ತಿದ್ದರು. ಗುರುತು ತಪ್ಪಿದರೆ ಸ್ವಂತದವರೇ ಸಾಯುತ್ತಿದ್ದರು. ಆದುದರಿಂದ ಅಳತೆ ಸರಿಯಿಲ್ಲದ ಮಾದರಿಯನ್ನು ತಿರಸ್ಕರಿಸುತ್ತಿದ್ದರು.

ದೇವಯ್ಯನವರ ವಿಮಾನವಾದ ಮಿಸ್ಟೇರ್ ನಾಲ್ಕು ಎ, ಫ್ರಾನ್ಸಿನ ದಸಾಲ್ಟ್ ಸಂಸ್ಥೆಯದು. 1957ರಿಂದ ನಮ್ಮ ವಾಯುಪಡೆಯಲ್ಲಿದ್ದು 1973ರ ವೇಳೆಗೆ ನಿವೃತ್ತಿ ಹೊಂದಿತು. ಒಬ್ಬರೇ ಕೂರುವ ವಿಮಾನ; ಉದ್ದ 12.89 ಮೀಟರ್, ರೆಕ್ಕೆಯ ಹರವು 11.12 ಮೀಟರ್. ಎಪ್ಪತ್ತೆರಡರಿಂದ ಭಾಗಿಸಿದರೆ ಉದ್ದ ಸುಮಾರು 18 ಸೆಂಟಿಮೀಟರ್, ಹರವು ಹದಿನೈದೂವರೆ ಸೆಂಟಿಮೀಟರ್. ಅಂಗೈ ಚಾಚಿದರೆ ಅದರೊಳಗೆ ಹಿಡಿಯುವಷ್ಟು.

ಮರಕ್ಕೆ ನಾವು ದೂರ ಹೋಗಬೇಕಿಲ್ಲ. ಪರದೇಶದವರು ದಕ್ಷಿಣ ಅಮೆರಿಕದ ಬಾಲ್ಸಾ ಮರವನ್ನು ಬಳಸುತ್ತಾರೆ. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಹಾಲುವಾಣದ ಮರವೂ ಮೃದು ಮತ್ತು ಹಗುರ; ಚೆನ್ನಾಗಿ ಒಣಗಿಸಿ ಹುಳು ಹಿಡಿಯದಂತೆ ನೋಡಿಕೊಂಡರಾಯಿತು. ಮೊದಲು ವಿಮಾನದ ಪಕ್ಕದ ನೋಟವನ್ನೂ ಮೇಲಿನ ನೋಟವನ್ನೂ ಕಾಗದದಲ್ಲಿ ಬರೆದು ಮರದ ತುಂಡಿಗೆ ಅಂಟಿಸಬೇಕು. ಸುತ್ತಲಿನ ಹೆಚ್ಚಿನ ಮರವನ್ನು ಗರಗಸದಿಂದ ತೆಗೆದು, ರಟ್ಟಿನಲ್ಲಿ ಕತ್ತರಿಸಿದ ಅಡ್ಡಕೊಯ್ತದ ಅಚ್ಚುಗಳನ್ನು ಅಲ್ಲಲ್ಲಿ ಹಿಡಿದು ನೋಡುತ್ತ ಒಡಲನ್ನು ದುಂಡಗೆ ಮಾಡಬೇಕು. ಹಿಂದಕ್ಕೆ ಬಾಗಿದ ರೆಕ್ಕೆಗಳನ್ನು ತೆಳು ಹಲಗೆಯಿಂದ ಬೇರೆಯೇ ಕೆತ್ತಿ, ಎಡಬಲದ ಕೋನ ಒಂದೇ ಇರುವಂತೆ ಕೂಡಿಸಬೇಕು. ಕಡೆಗೆ ಮರಳು ಕಾಗದದ ಉಜ್ಜಾಟ, ಬಣ್ಣ, ರೆಕ್ಕೆಯ ಮೇಲೆ ಕೇಸರಿ ಬಿಳಿ ಹಸಿರಿನ ವೃತ್ತಗಳು. ಕೇಸರಿ ಹೊರಗೆ, ಹಸಿರು ನಡುವೆ. ಇದು ಸಂಜೆಗಳ ಕೆಲಸ, ಒಂದೆರಡು ತಿಂಗಳ ಕೆಲಸ. ಅವಸರ ಸಲ್ಲದು.

ಈ ಕೆಲಸದಲ್ಲಿ ಕೈಗೆ ಒಂದು ಪಾಠ ದೊರೆಯುತ್ತದೆ. ಅದೇ ಪ್ರಮಾಣದಲ್ಲಿ ಅಮ್ಜದ್ ಹುಸೇನರ ಸ್ಟಾರ್‌ಫೈಟರನ್ನೂ ಕೆತ್ತಿ ಪಕ್ಕದಲ್ಲಿ ಇಟ್ಟುನೋಡಿ. ಉದ್ದ 23 ಸೆಂಟಿಮೀಟರ್, ಆದರೆ ರೆಕ್ಕೆಯ ಹರವು ಕೇವಲ ಒಂಬತ್ತು ಸೆಂಟಿಮೀಟರಿನಷ್ಟು! ಭರ್ಜಿಯ ಹಾಗೆ ನೀಳ, ರೆಕ್ಕೆ ಚಾಕುವಿನ ಹಾಗೆ ಗಿಡ್ಡ. ನಿಜ ವಿಮಾನದಲ್ಲಿ ಮಿಸ್ಟೇರಿನ ರೆಕ್ಕೆಯ ವಿಸ್ತೀರ್ಣ 32 ಚದರ ಮೀಟರ್. ಅದಕ್ಕಿಂತ ಭಾರವಾದ ಸ್ಟಾರ್‌ಫೈಟರಿನದು ಕೇವಲ 18. ನೇರವಾಗಿ ಓಡುವ ಪಂದ್ಯದಲ್ಲಿ ಸ್ಟಾರ್‌ಫೈಟರನ್ನು ಹಿಡಿಯುವವರಿರಲಿಲ್ಲ. ಎತ್ತರದಲ್ಲಿ ಗಂಟೆಗೆ 2,000 ಕಿಲೋಮೀಟರಿಗೂ ಮಿಕ್ಕಿದ ವೇಗ. ಮಿಸ್ಟೇರಿಗೆ ಸುಮಾರು 1,100 ಮಾತ್ರ. ಆದರೆ ನೆಲದ ಸಮೀಪ, ಕಡಿಮೆ ವೇಗದಲ್ಲಿ, ಬಿಗಿಯಾಗಿ ತಿರುಗುವ ಕಾಳಗದಲ್ಲಿ ಭಾರವನ್ನು ಹೊರುವುದು ರೆಕ್ಕೆ. ದೊಡ್ಡ ರೆಕ್ಕೆಯದು ಸಣ್ಣ ಸುತ್ತಿನಲ್ಲಿ ತಿರುಗಬಲ್ಲದು.

ಓಡಿದ್ದರೆ ದೇವಯ್ಯನವರು ಸಿಕ್ಕಿಬೀಳುವುದು ಖಚಿತವಾಗಿತ್ತು. ತಿರುಗಿದರೆ ಒಂದು ಅವಕಾಶವಿತ್ತು. ಆದರೆ ಇಂಧನವು ಸರಗೋಧಾಕ್ಕೆ ಹೋಗಿ ಮರಳಲು ಮಾತ್ರ ಸಾಲುವಷ್ಟಿದ್ದುದರಿಂದ, ತಿರುಗಿ ಹೋರಾಡಿದವನಿಗೆ ಮನೆಯ ಆಸೆ ಬಹಳ ಕ್ಷೀಣ. ಎರಡು ಮರದ ತುಂಡುಗಳನ್ನು ಮೇಜಿನ ಮೇಲಿಟ್ಟು ನೋಡಿದಾಗ ನನಗೆ ಆ ಶಿಕ್ಷಕ ವೈಮಾನಿಕನ ನಿರ್ಧಾರ ಅರ್ಥವಾಯಿತು. ಅದು ಆವೇಶದ ಸಾಹಸವಾಗಿರಲಿಲ್ಲ. ತನ್ನ ವಿಮಾನವನ್ನು ಚೆನ್ನಾಗಿ ಬಲ್ಲವನ ವಿವೇಕವಾಗಿತ್ತು. ಪುಸ್ತಕದ ಹೊಗಳಿಕೆಯಿಂದ ನಾನು ಕಲಿಯದ ಗೌರವವನ್ನು ಅಳತೆಗೋಲು ಕಲಿಸಿತು.

ಮರಳಿದವರು, ಮರಳದವರು

ಅದೇ ಯುದ್ಧದಲ್ಲಿ, ಅದೇ ತಿಂಗಳ 22ರಂದು, ಕೊಡಗಿನ ಇನ್ನೊಬ್ಬ ವೈಮಾನಿಕರ ಹಂಟರ್ ವಿಮಾನವೂ ಪಾಕಿಸ್ತಾನದಲ್ಲಿ ಬಿತ್ತು. ಅವರು ಜನರಲ್ ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪ. ಅವರು ಬದುಕಿ ಸೆರೆಯಾದರು. ದೇಶ ವಿಭಜನೆಗೆ ಮುನ್ನ ತಂದೆಯವರ ಕೈಕೆಳಗೆ ಸೇವೆ ಸಲ್ಲಿಸಿದ್ದ ಅಧ್ಯಕ್ಷ ಅಯೂಬ್ ಖಾನರು ಮಗನನ್ನು ಬಿಡುಗಡೆ ಮಾಡುವ ಸೂಚನೆ ಕಳುಹಿಸಿದಾಗ, ಸೆರೆಯಲ್ಲಿರುವ ಎಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡವೆಂಬ ಆಶಯದ ಉತ್ತರವನ್ನು ಕಾರ್ಯಪ್ಪನವರು ಕೊಟ್ಟುದು ಸರ್ವವಿದಿತ. ಮಗ 1966ರಲ್ಲಿ ಮರಳಿ ಬಂದರು, ಮುಂದೆ ಏರ್ ಮಾರ್ಷಲ್ ಆದರು. ಒಂದೇ ನಾಡು, ಒಂದೇ ತಿಂಗಳು. ಒಂದು ಮನೆಗೆ ಮಗ ಬಂದ, ಇನ್ನೊಂದು ಮನೆಗೆ ಇಪ್ಪತ್ತಮೂರು ವರ್ಷಗಳ ಮೇಲೆ ಒಂದು ಪದಕ ಬಂತು. ಇದಕ್ಕೆ ಕಾರಣ ಕೇಳಿದರೆ ಉತ್ತರಿಸಬಲ್ಲ ಗುರುವನ್ನು ನಾನು ಕಂಡಿಲ್ಲ. ನಾನಂತೂ ಅಲ್ಲ.

ಇಂದು ಮಡಿಕೇರಿಯಲ್ಲಿ ದೇವಯ್ಯನವರ ಪ್ರತಿಮೆ ನಿಂತಿದೆ. ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ. 2025ರಲ್ಲಿ ದೇವಯ್ಯನವರ ಕಥೆಯಿಂದ ಪ್ರೇರಿತವಾದ 'ಸ್ಕೈ ಫೋರ್ಸ್' ಎಂಬ ಹಿಂದಿ ಚಲನಚಿತ್ರವೂ ಬಂದಿತು. ಅದರಲ್ಲಿ ಪಾತ್ರದ ಹೆಸರು ಬೇರೆ. ಕಂಚಿಗೂ ಚಿತ್ರಕ್ಕೂ ಅವುಗಳದೇ ಸ್ಥಾನವಿದೆ. ಆದರೆ ಮನೆಯ ಮೇಜಿನ ಮೇಲೆ ಕುಳಿತು ಕೆತ್ತಿದ ಹದಿನೆಂಟು ಸೆಂಟಿಮೀಟರಿನ ಮರಕ್ಕೂ ಒಂದು ಸ್ಥಾನವಿದೆ. ಕೆತ್ತುವವನು ಸುಳ್ಳಾಡಲಾರ. ರೆಕ್ಕೆ ಉದ್ದವಾದರೆ ವಿಮಾನ ಅದಲ್ಲ. ಬಣ್ಣ ತಪ್ಪಿದರೆ ದೇಶವೇ ಬೇರೆಯಾಗುತ್ತದೆ. ಮೃತನನ್ನು ಇದ್ದುದಕ್ಕಿಂತ ದೊಡ್ಡವನನ್ನಾಗಿ ಮಾಡುವುದು ಗೌರವವಲ್ಲ, ಚಿಕ್ಕವನನ್ನಾಗಿ ಮಾಡುವುದು ಅನ್ಯಾಯ. ಇದ್ದುದನ್ನು ಇದ್ದಂತೆ, ಪ್ರಮಾಣಬದ್ಧವಾಗಿ ನೆನೆಯುವುದೇ ನಾವು ಅವರಿಗೆ ಕೊಡಬಹುದಾದ ಕಾಣಿಕೆ. ದೇವಯ್ಯನವರಿಗೆ ಇಪ್ಪತ್ತಮೂರು ವರ್ಷ ತಡವಾಗಿ ಸಂದುದು ಇದೇ: ಸತ್ಯ. ಅದು ಗಡಿಯಾಚೆಯಿಂದ ಬಂದಿತೆಂಬುದನ್ನೂ ನಾವು ಮರೆಯಬಾರದು. ಗಡಿಯಲ್ಲೇ ಬದುಕುವ ಮಾಕುಟ್ಟದವರು ವಿಶೇಷವಾಗಿ ಮರೆಯಬಾರದು.

ಒಂದು ವಿನಂತಿಯಿಂದ ಮುಗಿಸುತ್ತೇನೆ. ನವೆಂಬರ್ 2ರಂದು ಸಕಲ ಮೃತ ವಿಶ್ವಾಸಿಗಳ ಸ್ಮರಣೆಗಾಗಿ ನಾವು ಗೋರಿಗಳಿಗೆ ಹೂವಿಡುತ್ತೇವೆ, ಮೇಣದ ಬತ್ತಿ ಹಚ್ಚುತ್ತೇವೆ. ಗೋರಿಯಿಲ್ಲದ ಬಂಧುಗಳಿರುವ ಮನೆಗಳು ನಮ್ಮಲ್ಲಿಯೂ ಇದ್ದಾವು. ಯುದ್ಧದಲ್ಲಿಯೋ, ಕಡಲಿನಲ್ಲಿಯೋ, ದೂರದ ಕೊಲ್ಲಿ ನಾಡಿನಲ್ಲಿಯೋ ತೀರಿಕೊಂಡವರು. ಅವರ ಮನೆಯ ಮಕ್ಕಳು ಅವರ ಹಡಗನ್ನೋ, ಲಾರಿಯನ್ನೋ, ವಿಮಾನವನ್ನೋ ಮರದಲ್ಲಿ ಕೆತ್ತಿ ತರಲಿ. ಅವರ ಹುಟ್ಟಿದ ದಿನ, ಹೊರಟ ದಿನ, ಮಾಡಿದ ಕೆಲಸ ಇವನ್ನು ವಿಚಾರಿಸಿ, ತಪ್ಪಿಲ್ಲದೆ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲಿ. ಪೀಠದ ಬಳಿಯಲ್ಲಿ ಅವುಗಳಿಗೆ ಸ್ಥಳವಿದೆ. ಕ್ರಿಸ್ತಜಯಂತಿ ಬಂದಾಗ ಬೇಕಾದರೆ ಗೋದಲಿಯ ಮೇಲೆಯೂ ತೂಗಿಬಿಡಲಿ. ಈ ಬಾರಿ ಗುರುಗಳು ಅದನ್ನು ತೆಗೆದಿಡುವುದಿಲ್ಲ.

ನಿತ್ಯ ವಿಶ್ರಾಂತಿಯು ಅವರಿಗೆ ಲಭಿಸಲಿ.